ರಾಂಪಣಿ ಶಿಲ್ಪಕ್ಕೆ ತುಕ್ಕು ಹಿಡಿದಿದೆ, ತೆಗೆಸಬೇಕಾ?

ಪ್ರಶ್ನೆ: ಮೇಡಂ, ನಾನು ಕಾರವಾರ ಕಡೆಯ ಒಂದು ವಿಶ್ವವಿದ್ಯಾಲಯ ಕ್ಯಾಂಪಸ್ಸಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಎರಡು ವರ್ಷದ ಹಿಂದೆ ಕಲಾ ಸಮಿತಿ ಮಾಡಿ, ಕ್ಯಾಂಪಸ್ಸಿನ ಕಲಾಕೃತಿಗಳ ಕ್ಯುರೇಟರ್ ಅಂತ ನನ್ನ ಹೆಸರು ಹಾಕಿದರು. ಹಳೇ ವಿದ್ಯಾರ್ಥಿಗಳು ಕೊಟ್ಟ ಹಣದಲ್ಲಿ ಗೇಟಿನ ಒಳಗೆ ಒಂಬತ್ತು ಅಡಿಯ ಕಬ್ಬಿಣದ ಶಿಲ್ಪ ನಿಲ್ಲಿಸಿದೆವು. ದಡದಲ್ಲಿ ನಿಂತು ರಾಂಪಣಿ ಅನ್ನುವ ದೊಡ್ಡ ಮೀನು ಬಲೆ ಎಳೆಯುವ ಮೂವರು. ಬೆಂಗಳೂರಿನ ಕಲಾವಿದರು ಹಳೇ ದೋಣಿಯ ಕಬ್ಬಿಣ, ಸರಪಳಿ, ದೋಣಿಯ ಹಿತ್ತಾಳೆಯ ಫ್ಯಾನು (ಪ್ರೊಪೆಲ್ಲರ್) ಎಲ್ಲ ಸೇರಿಸಿ ಮಾಡಿದ್ದು. ಒಂದೇ ವರ್ಷಕ್ಕೆ ತುಕ್ಕು ಇಳಿದು ಕಟ್ಟೆಯೆಲ್ಲ ಕೆಂಪಾಗಿದೆ. ಒಂದು ಕಡೆ ವೆಲ್ಡಿಂಗ್ ಬಿಟ್ಟಿದೆ. ಆಡಳಿತದವರು "ಬಂಗಾರದ ಬಣ್ಣ ಹೊಡೆಸಿ, ಇಲ್ಲ ತೆಗೆಸಿ" ಅನ್ನುತ್ತಾರೆ. ವಿದ್ಯಾರ್ಥಿಯೊಬ್ಬನ ತಂದೆ ಮೀನುಗಾರರು. ಅವರು ನೋಡಿ "ಹಗ್ಗ ಎಳೆಯುವಾಗ ಯಾರೂ ಹೀಗೆ ನಿಲ್ಲೋದಿಲ್ಲ" ಅಂದರು. ನನಗೆ ತಲೆ ತಗ್ಗಿಸುವ ಹಾಗಾಯಿತು. ಈ ನಡುವೆ ದಾನಿಯೊಬ್ಬರು ತಮ್ಮ ತಂದೆಯವರ ಫೈಬರ್ ಪ್ರತಿಮೆ ಕೊಡುತ್ತೇವೆ ಅನ್ನುತ್ತಿದ್ದಾರೆ. ವಿದ್ಯಾರ್ಥಿಗಳಿಗೆ ಲೈಬ್ರರಿಯ ಸಮುದ್ರದ ಕಡೆಯ ಗೋಡೆಯ ಮೇಲೆ ದೊಡ್ಡ ಚಿತ್ರ ಬರೆಯಬೇಕಂತೆ. ಈ ಉಪ್ಪಿನ ಗಾಳಿಯಲ್ಲಿ ಬಯಲಿನ ಕಲೆ ಆಗುವ ಮಾತಾ? ಕಲೆ ಓದದ ನಾನು ಈ ಜವಾಬ್ದಾರಿ ಬಿಡುವುದೇ ಒಳ್ಳೆಯದಾ?

ಉತ್ತರ: ಬಿಡಬೇಡಿ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತಿದ್ದೇನೆ, ಯಾಕೆಂದರೆ ಮುಂದೆ ಹೇಳುವುದನ್ನೆಲ್ಲ ಮಾಡಬೇಕಾದವರು ನೀವೇ.

ನಾನು ಶಿರಸಿಯವಳು. ಕಲಾ ಇತಿಹಾಸ ಓದಿದ್ದೇನೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇರೆ ಬೇರೆ ಕ್ಯಾಂಪಸ್ಸುಗಳಲ್ಲಿ ಇದೇ ಕೆಲಸ ಮಾಡಿದ್ದೇನೆ. ಕೃತಿ ಆರಿಸುವಾಗ ಆ ಓದು ನೆರವಿಗೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಆರಿಸುವುದು ವರ್ಷಕ್ಕೆ ನಾಲ್ಕೈದು ದಿನದ ಕೆಲಸ. ಉಳಿದ ದಿನ ನಾನು ಮಾಡಿದ್ದು ಬೇರೆಯೇ. ಮಾವಿನ ಎಲೆ ಶಿಲ್ಪದ ತೋಳಿನ ಸಂದಿಯಲ್ಲಿ ಬಿದ್ದು ಕೊಳೆಯುತ್ತಿದೆಯಾ, ಪೀಠದ ಸುತ್ತ ನೀರು ನಿಲ್ಲುತ್ತಿದೆಯಾ, ಹೊಸ ಕಟ್ಟಡಕ್ಕೆ ಜಲ್ಲಿ ತರುವ ಲಾರಿ ಹಿಂದೆ ಬರುವಾಗ ಕಟ್ಟೆಗೆ ತಾಗುತ್ತದಾ ಅಂತ ನೋಡುತ್ತಾ ಓಡಾಡುವುದು. ಸಸಿ ನೆಡುವ ದಿನ ಫೋಟೊಕ್ಕೆ ಎಲ್ಲರೂ ಬರುತ್ತಾರೆ, ಮೂರನೇ ಬೇಸಿಗೆಯಲ್ಲಿ ನೀರು ಹಾಕುವವರು ಒಬ್ಬರೇ ಇರುತ್ತಾರೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕ್ಯಾಂಪಸ್ಸಿನ ಕಲೆಗೂ ಬೇಕಾಗಿರುವುದು ಆ ಒಬ್ಬರು.

ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆ ಇವೆ. ಆದರೆ ಎಲ್ಲದರ ಅಡಿಯಲ್ಲಿ ಒಂದೇ ಅಳುಕು ಕಾಣುತ್ತದೆ: ಈ ಊರಿನ ಗಾಳಿಯೇ ಕಲೆಗೆ ಆಗಿಬರುವುದಿಲ್ಲವೇನೋ ಅಂತ. ಗಾಳಿ ಕಠಿಣ, ನಿಜ. ಆದರೆ ಇದೇ ಗಾಳಿಯಲ್ಲಿ ನೂರು ವರ್ಷ ದಾಟಿದ ಬಯಲಿನ ಕಲೆ ನಿಮ್ಮ ಸುತ್ತಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತುರ್ತಿನ ಮಾತು. ವೆಲ್ಡಿಂಗ್ ಬಿಟ್ಟಿದೆ ಅಂದಿರಲ್ಲ, ಇವತ್ತೇ ಸುತ್ತ ಹಗ್ಗ ಕಟ್ಟಿಸಿ. ಹುಡುಗರು ಆ ಕಟ್ಟೆ ಮೇಲೆ ಕೂರದ ಹಾಗೆ ಮಾಡಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಹೋದದ್ದು ನೆನಪಿದೆ ಅಲ್ವಾ? ಅಂಥ ಗಾಳಿಗೆ ಸಡಿಲವಾದ ಕಬ್ಬಿಣದ ತುಂಡು ಎಲ್ಲಿ ಹೋಗಿ ಬೀಳುತ್ತದೆ ಹೇಳಲಾಗದು. ಬಣ್ಣ, ಚಂದ, ಜಗಳ ಎಲ್ಲ ಆಮೇಲೆ. ಕಟ್ಟಡ ವಿಭಾಗದ ಇಂಜಿನಿಯರ್ ಒಬ್ಬರು ಬಂದು ನೋಡಿ, ನಿಲ್ಲುತ್ತದೆ ಅಂತ ಬರೆದು ಕೊಡುವ ತನಕ ಹಗ್ಗ ಇರಲಿ.

ಈಗ ತುಕ್ಕು. ಎಲ್ಲರೂ ಮಳೆಯನ್ನು ಬೈಯುತ್ತಾರೆ. ಮಳೆ ಪೂರ್ತಿ ನಿರಪರಾಧಿ ಅಲ್ಲ, ಆದರೆ ಮುಖ್ಯ ಅಪರಾಧಿಯೂ ಅಲ್ಲ. ಅಲೆ ಒಡೆದಾಗ ಏಳುವ ತುಂತುರು ಗಾಳಿಯಲ್ಲಿ ತೇಲಿ ಬಂದು ಎಲ್ಲದರ ಮೇಲೂ ಕೂರುತ್ತದೆ. ನೀರು ಆರಿದರೂ ಉಪ್ಪು ಉಳಿಯುತ್ತದೆ. ಆ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುತ್ತದಲ್ಲ, ಹಾಗೆ. ಹಾಗಾಗಿ ಮಳೆಯಿಲ್ಲದ ಫೆಬ್ರವರಿಯ ರಾತ್ರಿಯಲ್ಲೂ ಕಬ್ಬಿಣದ ಮೈ ಒದ್ದೆಯಾಗಿಯೇ ಇರುತ್ತದೆ. ಅಕ್ಟೋಬರಿನಿಂದ ಮೇ ತನಕ ಉಪ್ಪು ಪದರ ಪದರವಾಗಿ ಸೇರುತ್ತಾ ಹೋಗುತ್ತದೆ. ಮಳೆ ಬಂದಾಗ ತೊಳೆದು ಹೋಗುವುದು ಮಳೆ ತಾಗುವ ಭಾಗದ್ದು ಮಾತ್ರ. ಹೊಟ್ಟೆಯ ಅಡಿ, ಕಂಕುಳು, ಸರಪಳಿಯ ಕೊಂಡಿಗಳ ಒಳಗೆ, ಎರಡು ತಗಡು ಒಂದರ ಮೇಲೊಂದು ಕೂತ ಸಂದಿ, ಇಲ್ಲೆಲ್ಲ ಉಪ್ಪು ಹಾಗೇ ಉಳಿಯುತ್ತದೆ. ನಾಳೆ ಬೆಳಿಗ್ಗೆ ಟಾರ್ಚ್ ತೆಗೆದುಕೊಂಡು ಹೋಗಿ ಶಿಲ್ಪದ ಅಡಿಯಿಂದ ನೋಡಿ. ಮಳೆ ಬಡಿಯುವ ಬೆನ್ನಿಗಿಂತ ಮಳೆ ತಾಗದ ಹೊಟ್ಟೆಯೇ ಹೆಚ್ಚು ಹಾಳಾಗಿರುತ್ತದೆ ಅಂತ ನನ್ನ ಅನುಭವ ಹೇಳುತ್ತದೆ.

ಇದರಿಂದ ಒಂದು ಸುಲಭದ ಉಪಾಯ ಸಿಗುತ್ತದೆ. ಒಣ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಪೈಪ್ ಹಿಡಿದು ಸಿಹಿನೀರಿನಿಂದ ತೊಳೆಸಿ. ಮುಖ್ಯವಾಗಿ ಅಡಿಭಾಗ. ಮಾಲಿಯವರಿಗೆ ಒಮ್ಮೆ ತೋರಿಸಿಕೊಟ್ಟರೆ ಸಾಕು, ಹತ್ತು ನಿಮಿಷದ ಕೆಲಸ. ಬೋರ್‌ವೆಲ್ ನೀರು ಸವಳಾಗಿದ್ದರೆ ಮಾತ್ರ ಬೇಡ. ಅಂಥ ನೀರು ಹಾಕುವುದಕ್ಕಿಂತ ಸುಮ್ನೆ ಇರುವುದೇ ಮೇಲು.

ನಿಮ್ಮ ಶಿಲ್ಪದಲ್ಲಿ ಇನ್ನೂ ಎರಡು ತೊಂದರೆ ಇವೆ ಅನಿಸುತ್ತದೆ. ಹಿತ್ತಾಳೆ ಫ್ಯಾನು ಮತ್ತು ಕಬ್ಬಿಣ ಒಂದಕ್ಕೊಂದು ತಾಗಿವೆ. ಬೇರೆ ಬೇರೆ ಲೋಹ ಕೂಡುವ ಜಾಗಕ್ಕೆ ಉಪ್ಪುನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿ ಆಗುತ್ತದೆ. ಹಿತ್ತಾಳೆ ಉಳಿಯುತ್ತದೆ, ಪಕ್ಕದ ಕಬ್ಬಿಣ ಕರಗುತ್ತದೆ. ನಡುವೆ ನೈಲಾನ್ ಅಥವಾ ರಬ್ಬರಿನ ವಾಷರ್ ಕೊಡಬೇಕಿತ್ತು. ಎರಡನೆಯದು ವೆಲ್ಡಿಂಗ್. ಗುಜರಿ ಕಬ್ಬಿಣದ ಶಿಲ್ಪಗಳಲ್ಲಿ ಪೂರ್ತಿ ಉದ್ದಕ್ಕೆ ವೆಲ್ಡ್ ಮಾಡದೆ ಅಲ್ಲಲ್ಲಿ ಚುಕ್ಕಿ ಇಟ್ಟು ಬಿಡುವುದುಂಟು. ಒಳನಾಡಿನಲ್ಲಿ ಅದು ವರ್ಷಗಟ್ಟಲೆ ನಡೆಯುತ್ತದೆ. ಇಲ್ಲಿ ಆ ಚುಕ್ಕಿಗಳ ನಡುವಿನ ಸಂದಿಗೆ ಉಪ್ಪುನೀರು ನುಗ್ಗಿ, ಒಳಗೆ ತುಕ್ಕು ಉಬ್ಬಿ, ತಗಡನ್ನು ಎತ್ತಿಬಿಡುತ್ತದೆ. ಕಲಾವಿದರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಬಯಲುಸೀಮೆಯ ಅಭ್ಯಾಸ ಕರಾವಳಿಗೆ ಬಂತು, ಯಾರೂ ತಡೆದು ಕೇಳಲಿಲ್ಲ. ಮುಂದಿನ ಸಲ ಕೇಳಬೇಕಾದವರು ನೀವು.

ಈಗ ನಿಮಗೆ ನಾಲ್ಕು ದಿಕ್ಕಿನಿಂದ ಸಲಹೆ ಬರುತ್ತಿರುತ್ತದೆ. ಕೆಲವನ್ನು ಇಲ್ಲೇ ಬಿಡಿಸಿ ಹೇಳುತ್ತೇನೆ.

"ತುಕ್ಕೇ ಒಂದು ಪದರವಾಗಿ ಕಬ್ಬಿಣ ಕಾಯುತ್ತದೆ, ಬಿಡಿ" ಅನ್ನುವವರು ಸಿಗುತ್ತಾರೆ. ಅದು ಕಾರ್ಟೆನ್ ಅನ್ನುವ ಬೇರೆ ಜಾತಿಯ ಉಕ್ಕಿನ ಗುಣ. ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗುವ ಹವೆಯಲ್ಲಿ ಅದರ ಮೇಲೆ ಗಟ್ಟಿ ಕಂದು ಪದರ ಕೂರುತ್ತದೆ. ಉಪ್ಪಿನ ಗಾಳಿಯಲ್ಲಿ ಆ ಪದರ ನಿಲ್ಲುವುದೇ ಇಲ್ಲ, ಸಿಪ್ಪೆಯಾಗಿ ಏಳುತ್ತಾ ಹೋಗುತ್ತದೆ. ಮುಂದೆ ಯಾರಾದರೂ ಕಾರ್ಟೆನ್ ಶಿಲ್ಪದ ನಕ್ಷೆ ತಂದರೆ ಒಪ್ಪಬೇಡಿ, ಎಷ್ಟೇ ಚಂದ ಇರಲಿ. "ಸ್ಟೇನ್‌ಲೆಸ್ ಸ್ಟೀಲ್‌ಗೆ ತುಕ್ಕಿಲ್ಲ" ಅನ್ನುವುದೂ ಅರ್ಧ ಸತ್ಯ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 304 ನಂಬರಿನದಕ್ಕೆ ಕಡಲ ಬದಿಯಲ್ಲಿ ಚಹಾದ ಕಲೆಯಂಥ ಕಂದು ಮಚ್ಚೆ ಬೀಳುತ್ತದೆ. 316 ಕೇಳಬೇಕು. ಅದರಲ್ಲಿ ಮಾಲಿಬ್ಡಿನಮ್ ಇರುತ್ತದೆ, ಉಪ್ಪನ್ನು ಹೆಚ್ಚು ತಡೆಯುತ್ತದೆ. ಅದಕ್ಕೂ ತೊಳೆಯುವ ಕೆಲಸ ತಪ್ಪಿದ್ದಲ್ಲ. ಇನ್ನು "ಕಾಂಕ್ರೀಟ್ ಮಾಡಿಸಿ, ಶಾಶ್ವತ" ಅನ್ನುವ ಮಾತು. ಕಾಂಕ್ರೀಟಿನ ಒಳಗೆ ಕಬ್ಬಿಣದ ಸರಳು ಇದೆ. ಉಪ್ಪು ನಿಧಾನ ಒಳಗಿಳಿದು ಸರಳನ್ನು ಮುಟ್ಟಿದರೆ, ತುಕ್ಕು ಉಬ್ಬಿ ಹೊರಗಿನ ಸಿಮೆಂಟನ್ನು ಸೀಳುತ್ತದೆ. ಭಾರತೀಯ ಮಾನಕ ಐಎಸ್ 456 ಇಂಥ ಹವೆಯಲ್ಲಿ ಸರಳಿನ ಮೇಲೆ ಕನಿಷ್ಠ 45 ಮಿಲಿಮೀಟರ್, ಕಡಲ ತುಂತುರು ನೇರ ಬೀಳುವಲ್ಲಿ 50 ಮಿಲಿಮೀಟರ್ ಕಾಂಕ್ರೀಟ್ ಇರಬೇಕು ಅನ್ನುತ್ತದೆ. ಶಿಲ್ಪದ ಬೆರಳಿಗೆ, ಕಿವಿಗೆ, ಹಗ್ಗಕ್ಕೆ ಅಷ್ಟು ದಪ್ಪ ಎಲ್ಲಿಂದ ಬರಬೇಕು?

ಕಾಂಕ್ರೀಟಿನ ಮಾತು ಬಂದಾಗ ಕಲಾವಿದರು ಶಾಂತಿನಿಕೇತನದ ಉದಾಹರಣೆ ಕೊಡುತ್ತಾರೆ. ಕೊಡಬೇಕಾದದ್ದೇ. ರವೀಂದ್ರನಾಥ ಠಾಕೂರರು 1880ರ ದಶಕದಲ್ಲಿ, ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಇಲ್ಲಿಗೆ ಬಂದು ಈ ಕಡಲನ್ನು ನೋಡಿದವರು. ಅವರು ಮುಂದೆ ಕಟ್ಟಿದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲೇ ರಾಮಕಿಂಕರ್ ಬೈಜ್ 1938ರಲ್ಲಿ 'ಸಂತಾಲ ಕುಟುಂಬ' ಶಿಲ್ಪ ಮಾಡಿದರು. ಒಳಗೆ ಕಬ್ಬಿಣದ ಹಂದರ, ಮೇಲೆ ಸಿಮೆಂಟು ಮತ್ತು ಅಲ್ಲಿನದೇ ಕೆಂಪು ಜಂಬಿಟ್ಟಿಗೆ ಹರಳು, ಅಷ್ಟೇ ಸಾಮಾನು. ಸಾಮಾನು ಹೊತ್ತು ನಡೆಯುತ್ತಿರುವ ಗಂಡ, ಹೆಂಡತಿ, ಮಗು, ಜೊತೆಗೊಂದು ನಾಯಿ. ರಾಜರಲ್ಲ, ದೇವರಲ್ಲ, ಕ್ಯಾಂಪಸ್ಸಿನ ಪಕ್ಕದಲ್ಲಿ ಬದುಕುತ್ತಿದ್ದ ಜನ. ಅದರಿಂದ ಕಲಿಯಬೇಕಾದದ್ದು ತುಂಬಾ ಇದೆ. ಆದರೆ ಅದು ಸಮುದ್ರದಿಂದ ದೂರದ ಊರು. ಅದೇ ವಿಧಾನವನ್ನು ಹಾಗೇ ಎತ್ತಿ ಕಾರವಾರಕ್ಕೆ ತಂದರೆ ಒಳಗಿನ ಕಬ್ಬಿಣ ಉಳಿಯುವುದಿಲ್ಲ. ಮಾಡುವುದೇ ಆದರೆ ಒಳಗೆ ಸ್ಟೇನ್‌ಲೆಸ್ ಸರಳು ಅಥವಾ ಗಾಜಿನ ನಾರಿನ ಸರಳು ಹಾಕಿಸಿ.

ಹಾಗಾದರೆ ಇಲ್ಲಿ ಏನು ಉಳಿಯುತ್ತದೆ?

ಅಂಕೋಲೆ, ಕುಮಟೆ, ಗೋಕರ್ಣದ ಕಡೆ ಹಳೆಯ ದೇವಸ್ಥಾನಗಳ ಗೋಡೆಯ ಮೇಲಿನ ಕಾವಿ ಕಲೆಯನ್ನು ನೀವು ನೋಡಿಯೇ ಇರುತ್ತೀರಿ. ಬಿಳಿ ಗೋಡೆ, ಕೆಂಪು ಬಳ್ಳಿ, ನವಿಲು, ದಶಾವತಾರ. ನೋಡಿದರೆ ಬಣ್ಣ ಬಳಿದು ಬರೆದ ಹಾಗೆ ಕಾಣುತ್ತದೆ. ಅದು ಬಳಿದದ್ದಲ್ಲ. ಕಡಲ ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲ ಸೇರಿಸಿ, ಕೊಳೆಯಿಸಿ, ಕುಟ್ಟಿ ಹದ ಮಾಡಿದ ಗಾರೆ. ಅದರ ಮೇಲೆ ಕೆಮ್ಮಣ್ಣಿನ ತೆಳು ಪದರ. ಹಸಿ ಇರುವಾಗಲೇ ಉಕ್ಕಿನ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುತ್ತಾರೆ. ಬಣ್ಣವೂ ಗೋಡೆಯೂ ಒಂದೇ ಆಗಿರುವುದರಿಂದ ಸಿಪ್ಪೆ ಏಳುವ ಪ್ರಶ್ನೆಯೇ ಇಲ್ಲ. ಸುಣ್ಣ ತೇವವನ್ನು ಒಳಗೆ ಬಿಟ್ಟುಕೊಂಡು ಹೊರಗೆ ಬಿಡುತ್ತದೆ. ಗೋಡೆ ಉಸಿರಾಡುತ್ತದೆ. ತುಕ್ಕು ಹಿಡಿಯುವ ಕಬ್ಬಿಣ ಎಲ್ಲೂ ಇಲ್ಲ, ಉಪ್ಪು ತಿನ್ನುವುದಕ್ಕೆ ಹೆಚ್ಚೇನೂ ಇಲ್ಲ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಕರಾವಳಿಯಲ್ಲಿ ಅದು ಹೀಗೆ ನಿಂತಿತು. ಮಾಡು ಕೆಳಗಿನ ತನಕ ಇಳಿದಿರುತ್ತಿತ್ತು, ಅದೂ ಕಾಪಾಡಿತು. ನಮ್ಮ ಹೊನ್ನಾವರದ ಕೃಷ್ಣಾನಂದ ಕಾಮತರು ಊರೂರು ತಿರುಗಿ ಇದನ್ನು ದಾಖಲೆ ಮಾಡಿದ್ದಾರೆ. ನನಗೆ ಬೇಸರದ ಸಂಗತಿ ಎಂದರೆ ಈ ಕಲೆಯನ್ನು ಹೆಚ್ಚು ಅಳಿಸಿದ್ದು ಮಳೆಯೂ ಅಲ್ಲ, ಉಪ್ಪೂ ಅಲ್ಲ. ಜೀರ್ಣೋದ್ಧಾರ ಅಂತ ಗೋಡೆ ಕೆಡವಿ ಟೈಲ್ಸ್ ಹಾಕಿಸಿದ ನಾವು.

ಆದ್ದರಿಂದ ಈ ಊರಲ್ಲಿ ಆಗುವ ಮಾತಾ ಅಂತ ಕೇಳಿದವರಿಗೆ ಹತ್ತಿರದ ಒಂದು ಕಾವಿ ಗೋಡೆ ತೋರಿಸಿ. ಗಟ್ಟಿ ಕರಿಕಲ್ಲು ಇಲ್ಲಿ ಚೆನ್ನಾಗಿ ಬಾಳುತ್ತದೆ. ಚಿರೆಕಲ್ಲೂ ಬಾಳುತ್ತದೆ, ಗಾಳಿಗೆ ಬಿದ್ದಷ್ಟೂ ಗಟ್ಟಿಯಾಗುವ ಕಲ್ಲು ಅದು. ಮೈತುಂಬ ತೂತು ಇರುವುದರಿಂದ ಸೂಕ್ಷ್ಮ ಕೆತ್ತನೆಗೆ ಆಗದು, ದೊಡ್ಡ ಸರಳ ಆಕಾರಕ್ಕೆ, ಕೂರುವ ಕಟ್ಟೆಗೆ, ನಡೆದಾಡುವ ಕೃತಿಗೆ ಬಹಳ ಒಳ್ಳೆಯದು. ಕಂಚು ಸಾಕಷ್ಟು ಬಾಳುತ್ತದೆ, ವರ್ಷಕ್ಕೆ ಒಂದೆರಡು ಸಲ ತೊಳೆದು ಮೇಣ ಹಚ್ಚುವವರು ಇದ್ದರೆ.

ನಿಮ್ಮ ರಾಂಪಣಿ ಶಿಲ್ಪಕ್ಕೆ ಮರಳೋಣ. ಬಂಗಾರದ ಬಣ್ಣ ಬೇಡ. ತುಕ್ಕಿನ ಮೇಲೆ ಬಣ್ಣ ಹೊಡೆದರೆ ಒಳಗಿನ ಉಪ್ಪು ಒಳಗೇ ಉಳಿದು, ಬಣ್ಣದ ಅಡಿಯಲ್ಲಿ ತುಕ್ಕು ಹರಡುತ್ತದೆ. ಮುಂದಿನ ಗಣೇಶ ಚೌತಿಗೆ ಮತ್ತೆ ಗುಳ್ಳೆ ಎದ್ದಿರುತ್ತದೆ, ಆಗ ಅಡಿಯಲ್ಲಿ ಕಬ್ಬಿಣ ಇನ್ನಷ್ಟು ತೆಳುವಾಗಿರುತ್ತದೆ. ಇನ್ನೊಂದು ತೊಡಕೂ ಇದೆ. 1957ರ ಕಾಪಿರೈಟ್ ಕಾಯ್ದೆಯ 57ನೇ ಕಲಂ ಪ್ರಕಾರ, ಕೃತಿ ಮಾರಿದ ಮೇಲೂ ಕಲಾವಿದರಿಗೆ ಒಂದು ವಿಶೇಷ ಹಕ್ಕು ಉಳಿದಿರುತ್ತದೆ. ತಮ್ಮ ಹೆಸರಿಗೆ ಕುಂದು ಬರುವ ಹಾಗೆ ಕೃತಿಯನ್ನು ವಿರೂಪ ಮಾಡಿದರೆ ಅವರು ಕೋರ್ಟಿಗೆ ಹೋಗಬಹುದು. ಇದು ಬರೀ ಪುಸ್ತಕದ ಮಾತಲ್ಲ. ಶಿಲ್ಪಿ ಅಮರನಾಥ ಸೆಹಗಲ್ ಅವರು ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿದ್ದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರನ್ನು ಕೇಳದೆ ಕಿತ್ತು ಉಗ್ರಾಣಕ್ಕೆ ಹಾಕಿದರು. ಅವರು ಹೋರಾಡಿದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ಹಿಂದಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಆಡಳಿತದ ಸಭೆಯಲ್ಲಿ ಈ ತೀರ್ಪನ್ನು ಹೆದರಿಸುವ ದನಿಯಲ್ಲಿ ಹೇಳಬೇಡಿ. ಕಲಾವಿದರಿಗೆ ಮೊದಲು ಒಂದು ಪತ್ರ ಬರೆಯೋಣ, ಆಮೇಲೆ ಮುಟ್ಟೋಣ ಅಂದರೆ ಸಾಕು.

ಸರಿಯಾದ ದುರಸ್ತಿ ಅಂದರೆ ಬಿಚ್ಚಿ ವರ್ಕ್‌ಶಾಪಿಗೆ ಒಯ್ದು, ಮೊದಲು ಉಪ್ಪು ತೊಳೆದು, ಮರಳಿನಂಥ ಹರಳನ್ನು ಜೋರಾಗಿ ಊದಿ ಲೋಹ ಬಿಳಿಚುವ ತನಕ ತುಕ್ಕು ತೆಗೆಯುವುದು. ಸಂದಿಗಳಿಗೆ ಪೂರ್ತಿ ವೆಲ್ಡ್. ನೀರು ನಿಲ್ಲುವ ಕಡೆ ಕೆಳಗೊಂದು ತೂತು. ಆಮೇಲೆ ಸತುವು ಇರುವ ಎಪಾಕ್ಸಿ ಪ್ರೈಮರ್, ನಡುವೆ ಒಂದು ಎಪಾಕ್ಸಿ ಕೋಟು, ಮೇಲೆ ಬಿಸಿಲು ತಡೆಯುವ ಪಾಲಿಯುರೆಥೇನ್. ಊದಿ ತೆಗೆದ ದಿನವೇ ಪ್ರೈಮರ್ ಬೀಳಬೇಕು, ಇಲ್ಲಿನ ಗಾಳಿಗೆ ರಾತ್ರಿ ಕಳೆಯುವುದರೊಳಗೆ ಮತ್ತೆ ಕೆಂಪಾಗುತ್ತದೆ. ಇದಕ್ಕೆ ಬೆಂಗಳೂರಿನಿಂದ ಪರಿಣತರನ್ನು ಕರೆಸುವ ಮೊದಲು ಬೈತಖೋಲ ಬಂದರಿಗೆ ಒಮ್ಮೆ ಹೋಗಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನ ದೋಣಿಗಳ ದುರಸ್ತಿ ನಡೆಯುತ್ತದೆ. ಉಪ್ಪುನೀರಲ್ಲೇ ಇರುವ ಕಬ್ಬಿಣಕ್ಕೆ ಯಾವ ಬಣ್ಣ ಹಿಡಿಯುತ್ತದೆ, ಯಾವುದು ಸುಳ್ಳು ಅನ್ನುವುದು ಆ ಕೆಲಸಗಾರರ ಕೈಗೆ ಗೊತ್ತಿರುತ್ತದೆ. ನಾನು ಒಂದು ಕಡಲ ಬದಿಯ ಕ್ಯಾಂಪಸ್ಸಿನಲ್ಲಿದ್ದಾಗ ನನ್ನ ಅತ್ಯಂತ ನಂಬಿಕೆಯ ಸಲಹೆಗಾರರು ದೋಣಿಗೆ ಬಣ್ಣ ಹಚ್ಚುವ ಒಬ್ಬ ಹಿರಿಯರು.

ಈ ದಾರಿಯಲ್ಲೂ ಅಪಾಯ ಇದೆ. ಶಿಲ್ಪದ ಗುಜರಿ ಬಣ್ಣವೇ ಅದರ ಚಂದ ಆಗಿದ್ದರೆ ಅದು ಹೋಗುತ್ತದೆ. ಐದಾರು ವರ್ಷಕ್ಕೆ ಮತ್ತೆ ಖರ್ಚು ಬರುತ್ತದೆ. ತೆಳು ತಗಡಾಗಿದ್ದರೆ ಊದುವಾಗಲೇ ತೂತು ಬೀಳಬಹುದು. ಕಲಾವಿದರು ಒಪ್ಪಿದರೆ ಇನ್ನೊಂದು ದಾರಿ ಉಂಟು: ಲೈಬ್ರರಿಯ ಹಜಾರಕ್ಕೋ ಮುಚ್ಚಿದ ಅಂಗಳಕ್ಕೋ ಸ್ಥಳಾಂತರ. ಗೇಟಿನ ಬಳಿಯ ಗತ್ತು ಹೋಗುತ್ತದೆ, ಆಯುಷ್ಯ ಹೆಚ್ಚುತ್ತದೆ. ಎರಡೂ ಆಗದಿದ್ದರೆ ಗೌರವದಿಂದ ಕೆಳಗಿಳಿಸಿ. ಫೋಟೊ ತೆಗೆದು, ಕಾರಣ ಬರೆದು, ಕಲಾವಿದರ ಸಹಿ ತೆಗೆದುಕೊಂಡು. ಕೃತಿಗೆ ಕೊನೆ ಬರುವುದು ಅವಮಾನವಲ್ಲ. ರಾತ್ರೋರಾತ್ರಿ ಟ್ರ್ಯಾಕ್ಟರಿಗೆ ಏರಿಸಿ ಕಳಿಸುವುದು ಅವಮಾನ.

ಆದರೆ ಇದನ್ನೆಲ್ಲ ತೀರ್ಮಾನಿಸುವ ಮೊದಲು ಆ ಮೀನುಗಾರ ತಂದೆಯವರನ್ನು ಮತ್ತೆ ಕರೆಯಿರಿ. ನಿಮ್ಮ ಇಡೀ ಪತ್ರದಲ್ಲಿ ನನಗೆ ಅತಿ ಬೆಲೆಯುಳ್ಳದ್ದು ಅನಿಸಿದ್ದು ಅವರ ಮಾತು. ನಿಮಗೆ ನಾಚಿಕೆಯಾಯಿತು ಅಂದಿರಿ. ನಾಚಿಕೆ ಯಾಕೆ? ಆ ಶಿಲ್ಪವನ್ನು ಅಷ್ಟು ಕಣ್ಣಿಟ್ಟು ನೋಡಿದವರು ಬಹುಶಃ ಅವರೊಬ್ಬರೇ. ರಾಂಪಣಿ ಅಂದರೆ ಊರಿಗೆ ಊರೇ ದಡದಲ್ಲಿ ಸಾಲಾಗಿ ನಿಂತು ಎಳೆಯುವ ಬಲೆ. ಮೈಯ ಭಾರ ಎಲ್ಲಿ ಬೀಳುತ್ತದೆ, ಕಾಲು ಮರಳಲ್ಲಿ ಹೇಗೆ ಹೂತಿರುತ್ತದೆ ಅನ್ನುವುದು ಎಳೆದವರಿಗೆ ಮಾತ್ರ ಗೊತ್ತು. ಹೇಗೆ ನಿಲ್ಲುತ್ತೀರಿ ತೋರಿಸಿ ಅಂತ ಕೇಳಿ. ಅವರ ಜೊತೆ ಇನ್ನೂ ಇಬ್ಬರು ಬರಲಿ. ವಿದ್ಯಾರ್ಥಿಗಳು ಫೋಟೊ, ವಿಡಿಯೊ ತೆಗೆಯಲಿ. ಕಲಾವಿದರಿಗೆ ಕಳಿಸಿ. ವೆಲ್ಡಿಂಗ್ ಹೇಗೂ ಬಿಚ್ಚಬೇಕಲ್ಲ, ಒಂದು ಮೈ ತಿರುಗಿಸಿ ಕೂರಿಸಲು ಅವರು ಒಪ್ಪಿದರೂ ಒಪ್ಪಬಹುದು. ಒಪ್ಪದಿದ್ದರೆ ಶಿಲ್ಪದ ಪಕ್ಕದ ಫಲಕದಲ್ಲಿ ಎಳೆಯುವವರ ಮಾತೇ ಇರಲಿ, ಹೆಸರು ಹಾಕಲು ಅವರ ಒಪ್ಪಿಗೆ ಕೇಳಿ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ ಕೂಡ ಸಮುದ್ರದ ಬದಿಯದ್ದು. ಅಲ್ಲಿ ಸ್ಟುವರ್ಟ್ ಕಲೆಕ್ಷನ್ ಅಂತ ಕ್ಯಾಂಪಸ್ ಕಲೆಯ ದೊಡ್ಡ ಸಂಗ್ರಹ ಇದೆ. ತಯಾರಾದ ಶಿಲ್ಪ ಕೊಂಡು ತಂದು ನಿಲ್ಲಿಸುವುದು ಅವರ ಕ್ರಮವಲ್ಲ. ಕಲಾವಿದರು ಬಂದು, ಜಾಗ ನೋಡಿ, ಆ ಜಾಗಕ್ಕಾಗಿಯೇ ಮಾಡುತ್ತಾರೆ. 1983ರಲ್ಲಿ ಬಂದ ಮೊದಲ ಕೃತಿ ನಿಕಿ ದ ಸಾಂ ಫಾಲ್ ಅವರ ಬಣ್ಣಬಣ್ಣದ ದೊಡ್ಡ ಹಕ್ಕಿ, 'ಸನ್ ಗಾಡ್'. ವಿದ್ಯಾರ್ಥಿಗಳು ಅದಕ್ಕೆ ವೇಷ ಹಾಕಿದರು, ಅದರ ಹೆಸರಲ್ಲಿ ಹಬ್ಬವನ್ನೇ ಶುರು ಮಾಡಿದರು. ಹಣದ ವಿಷಯದಲ್ಲಿ ನಾವು ಅವರ ಹತ್ತಿರವೂ ಇಲ್ಲ. ಆದರೆ ಕಲಾವಿದರನ್ನು ಮೂರು ದಿನ ಇಲ್ಲಿ ಉಳಿಸಿಕೊಂಡು, ಬೆಳಗಿನ ಜಾವ ದಡಕ್ಕೆ ಕರೆದೊಯ್ಯುವುದಕ್ಕೆ ದೊಡ್ಡ ಹಣ ಬೇಡ.

ಫೈಬರ್ ಪ್ರತಿಮೆಯ ವಿಷಯ ಚುಟುಕಾಗಿ ಹೇಳುತ್ತೇನೆ. ಫೈಬರ್‌ಗೆ ತುಕ್ಕಿಲ್ಲ, ಆದರೆ ಬಿಸಿಲಿಗೆ ಮೇಲ್ಪದರ ಪುಡಿಪುಡಿಯಾಗುತ್ತದೆ, ಬಣ್ಣ ಮಾಸುತ್ತದೆ, ಒಳಗಿನ ಕಬ್ಬಿಣದ ಚೌಕಟ್ಟು ತುಕ್ಕು ಹಿಡಿದು ಸೀಳುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಬೇರೆ. ಇವತ್ತು ಒಬ್ಬ ದಾನಿಯ ತಂದೆಗೆ ಜಾಗ ಕೊಟ್ಟರೆ ನಾಳೆ ಇನ್ನೊಬ್ಬರಿಗೆ ಇಲ್ಲ ಅನ್ನುವುದು ಹೇಗೆ? ವ್ಯಕ್ತಿಗಳ ಪ್ರತಿಮೆ ಸ್ವೀಕರಿಸುವ ಬಗ್ಗೆ ಒಂದು ಪುಟದ ನಿಯಮ ಮೊದಲು ಮಾಡಿಸಿ, ಆಮೇಲೆ ದಾನಿಯ ಜೊತೆ ಮಾತಾಡಿ. ರಸ್ತೆ, ಫುಟ್‌ಪಾತ್, ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಹೇಳಿದೆ. ಕ್ಯಾಂಪಸ್ಸಿನ ಒಳಗೆ ಅದು ನೇರ ಅನ್ವಯಿಸದಿದ್ದರೂ ಗೇಟಿನ ಹೊರಗೆ ಹೆದ್ದಾರಿ ಅಂಚಿನಲ್ಲಿ ನಿಲ್ಲಿಸುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ತಡೆಯಿರಿ. ದಾನಿಯ ಮನಸ್ಸು ನೋಯಿಸಬೇಕಿಲ್ಲ. ತಂದೆಯವರ ಹೆಸರಲ್ಲಿ ಓದುವ ಕೋಣೆಗೆ ಒಂದು ಕೆತ್ತನೆಯ ಬಾಗಿಲು ಮಾಡಿಸೋಣ ಅನ್ನಿ. ಶಿರಸಿ, ಕುಮಟೆ ಕಡೆಯ ಗುಡಿಗಾರರ, ಅಂದರೆ ಮರ ಕೆತ್ತುವವರ ಕೈಯಲ್ಲಿ. ಒಳಗಿರುವುದರಿಂದ ಮರ ಬಾಳುತ್ತದೆ, ದಿನಾ ನೂರು ಜನ ಮುಟ್ಟಿ ಒಳಗೆ ಹೋಗುತ್ತಾರೆ. ನಾನು ಹೀಗೆ ಕೇಳಿದಾಗ ಒಪ್ಪದ ದಾನಿಗಳು ಕಮ್ಮಿ.

ಗೋಡೆಚಿತ್ರದ ವಿಷಯದಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಒಂದು ಕ್ಯಾಂಪಸ್ಸಿನಲ್ಲಿ ನೈಋತ್ಯಕ್ಕೆ ಮುಖ ಮಾಡಿದ ದೊಡ್ಡ ಗೋಡೆಯ ಮೇಲೆ ನಲವತ್ತು ವಿದ್ಯಾರ್ಥಿಗಳಿಂದ ಚಿತ್ರ ಬರೆಸಿದೆ. ಒಂದು ತಿಂಗಳ ಕೆಲಸ, ಒಳ್ಳೆಯ ಅಕ್ರಿಲಿಕ್ ಬಣ್ಣ. ಎರಡನೇ ಮಳೆಗಾಲಕ್ಕೆ ಗೋಡೆಯಲ್ಲಿ ಬಿಳಿ ಉಪ್ಪು ಅರಳಿತು, ಬಣ್ಣ ಹಾಳೆ ಹಾಳೆಯಾಗಿ ಎದ್ದಿತು. ಬಣ್ಣ ಕೆಟ್ಟದಿರಲಿಲ್ಲ. ತಾರಸಿಯಿಂದ ಗೋಡೆಯೊಳಗೆ ನೀರು ಇಳಿಯುತ್ತಿತ್ತು, ಹೊರಗೆ ಬರಲು ಬಣ್ಣದ ಪೊರೆ ಬಿಡಲಿಲ್ಲ. ಆ ಮಕ್ಕಳು ಘಟಿಕೋತ್ಸವಕ್ಕೆ ಅಪ್ಪ ಅಮ್ಮನನ್ನು ಕರೆತಂದು ತೋರಿಸಿದಾಗ ಅಲ್ಲಿ ಅರ್ಧ ಚಿತ್ರ ಇರಲಿಲ್ಲ. ನಾನು ಗೋಡೆಯನ್ನು ಒಂದು ಮಳೆಗಾಲ ಪೂರ್ತಿ ನೋಡಿ ಆಮೇಲೆ ಹೂಂ ಅನ್ನಬೇಕಿತ್ತು.

ನಿಮ್ಮ ಲೈಬ್ರರಿಯ ಆ ಗೋಡೆಯೂ ಸಮುದ್ರದ ಕಡೆಗೇ ಇದೆ. ಬೇಡ ಅನ್ನಿ, ಆದರೆ ಬದಲಿಗೆ ಬೇರೆ ಗೋಡೆ ಕೊಡಿ. ಮಾಡಿನ ಕೆಳಗಿನ ಪಡಸಾಲೆ, ಪೂರ್ವದ ಗೋಡೆ, ಒಳ ಅಂಗಳ. ಹೊಸ ಗಿಲಾವಾದರೆ ಕನಿಷ್ಠ 28 ದಿನ ಬಿಟ್ಟು ಶುರು ಮಾಡಿ. ದೀಪಾವಳಿ ಕಳೆದ ಮೇಲೆ, ಶಿವರಾತ್ರಿಯ ಒಳಗೆ ಮುಗಿಯಲಿ. ಸುಣ್ಣದ ಬಣ್ಣ ಅಥವಾ ಸಿಲಿಕೇಟ್ ಬಣ್ಣ ಗೋಡೆಗೆ ಉಸಿರಾಡಲು ಬಿಡುತ್ತವೆ. ಕಾವಿ ಬಲ್ಲವರು ಸಿಕ್ಕರೆ ಒಂದು ಸಣ್ಣ ಗೋಡೆಯಲ್ಲಿ ವಿದ್ಯಾರ್ಥಿಗಳಿಗೆ ಕಲಿಸಲು ಕರೆಯಿರಿ. ಮನೆಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಬೇಕು ಅನಿಸಿದರೆ ಸಿದ್ದಾಪುರ ಕಡೆಯ ದೀವರ ಹೆಣ್ಣುಮಕ್ಕಳನ್ನು ಕರೆದು, ತಕ್ಕ ಸಂಭಾವನೆ ಕೊಟ್ಟು, ಅವರ ಕೈಯಿಂದಲೇ ಬರೆಸಿ. ಇಂಟರ್ನೆಟ್ಟಿನ ಫೋಟೊ ನೋಡಿ ಸ್ಟೆನ್ಸಿಲ್ ಹೊಡೆಸುವುದನ್ನು ನಾನು ಒಪ್ಪುವುದಿಲ್ಲ. ಇನ್ನು ಹುಡುಗರು ಸಮುದ್ರದ ಗೋಡೆಯೇ ಬೇಕು ಅಂತ ಹಟ ಹಿಡಿದರೆ, ಇದು ಎರಡು ವರ್ಷದ ಚಿತ್ರ ಅಂತ ಮೊದಲೇ ಗೋಡೆಯ ಮೂಲೆಯಲ್ಲಿ ತಾರೀಖು ಬರೆಸಿ. ಮುಂದಿನ ಬ್ಯಾಚು ಸುಣ್ಣ ಬಳಿದು ತಮ್ಮದನ್ನು ಬರೆಯಲಿ. ಗೊತ್ತಿದ್ದು ಅಳಿದರೆ ಯಾರಿಗೂ ನೋವಿಲ್ಲ.

ಹಣದ ಮಾತು. ಸರ್ಕಾರಿ ಹಣವಾದರೆ ಕೆಟಿಪಿಪಿ ಕಾಯ್ದೆಯ (ರಾಜ್ಯದ ಸಾರ್ವಜನಿಕ ಖರೀದಿಯ ಕಾಯ್ದೆ) ಪ್ರಕಾರ ಟೆಂಡರ್ ಬರುತ್ತದೆ. "ಒಂಬತ್ತು ಅಡಿ ಶಿಲ್ಪ ಸರಬರಾಜು" ಅಂತ ಕರೆದು ಕಡಿಮೆ ದರದವರಿಗೆ ಕೊಟ್ಟರೆ ತೆಳು ತಗಡು, ಚುಕ್ಕಿ ವೆಲ್ಡಿಂಗೇ ಸಿಗುವುದು. ಹಣಕಾಸು ಅಧಿಕಾರಿಯ ಬಳಿ ಮೊದಲೇ ಕೂತು, ಕೃತಿಯ ಗುಣಕ್ಕೂ ಅಂಕ ಇರುವ ಹಾಗೆ, ಲೋಹದ ನಂಬರು, ದಪ್ಪ, ಬಣ್ಣದ ಪದರ ಎಲ್ಲ ಬರೆದಿರುವ ಹಾಗೆ ಕಾಗದ ಮಾಡಿಸಿ. ಕಡಲು, ಹೊಳೆಯ ಹತ್ತಿರ ಹೊಸ ಪೀಠ ಕಟ್ಟುವುದಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ ಬೇಕಾ ಅಂತ ಅಡಿಪಾಯ ತೋಡುವ ಮೊದಲು ಕೇಳಿ. ಒಪ್ಪಂದದಲ್ಲಿ ಮೂರು ವಿಷಯ ಇರಲೇಬೇಕು: ಯಾವ ಸಾಮಾನು ಬಳಸಿದ್ದಾರೆ ಅನ್ನುವ ಪಟ್ಟಿ, ಆರೈಕೆ ಹೇಗೆ ಅನ್ನುವ ಬರಹ, ತೆಗೆಯುವ ಸಂದರ್ಭ ಬಂದರೆ ಹೇಗೆ ಅನ್ನುವ ಮಾತು. ಒಟ್ಟು ಹಣದಲ್ಲಿ ಹತ್ತರಲ್ಲಿ ಒಂದು ಪಾಲನ್ನು ನಾನು ಯಾವಾಗಲೂ ಬೇರೆ ಖಾತೆಯಲ್ಲಿ ಇಡಿಸುತ್ತಿದ್ದೆ, ತೊಳೆಯಲು, ಬಣ್ಣಕ್ಕೆ. ಹಾಗೆ ಇಡಲು ಒಪ್ಪದ ದಾನಿಯ ಕೃತಿಯನ್ನು ನಾನು ಎರಡು ಸಲ ಬೇಡ ಅಂದಿದ್ದೇನೆ. ಕಷ್ಟವಾಯಿತು, ಪಶ್ಚಾತ್ತಾಪ ಇಲ್ಲ.

ಈ ವಾರ ಒಂದು ನೋಟ್‌ಬುಕ್ ತನ್ನಿ. ಕ್ಯಾಂಪಸ್ಸಿನಲ್ಲಿರುವ ಪ್ರತಿ ಕೃತಿಗೆ ಎರಡು ಪುಟ. ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿರುವ ಚಿತ್ರವನ್ನೂ ಬಿಡಬೇಡಿ. ಯಾರು ಮಾಡಿದ್ದು, ಯಾವ ವರ್ಷ, ಯಾವುದರಿಂದ, ಈಗ ಹೇಗಿದೆ. ಮಳೆಗೆ ಮುಂಚೆ ಒಂದು ಫೋಟೊ, ಮಳೆ ನಿಂತ ಮೇಲೆ ಒಂದು. ರಾಂಪಣಿ ಶಿಲ್ಪದ ಫೋಟೊ ಮಾತ್ರ ಅಡಿಯಿಂದ ತೆಗೆಯಿರಿ, ಟಾರ್ಚ್ ಬೆಳಕಲ್ಲಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ನನಗೂ ಕಳಿಸಿ. ತಗಡು ಎಷ್ಟು ಉಳಿದಿದೆ ಅಂತ ನೋಡಿದ ಮೇಲೆ, ಬಿಚ್ಚಿ ಊದಿಸುವುದಾ, ಒಳಗೆ ತರುವುದಾ ಅಂತ ಮಾತಾಡೋಣ.